ಹೆಸರು ವಿಶೇಷಣವಾದಾಗ

ನಮ್ಮ ಗೆಳೆಯನೊಬ್ಬನನ್ನು ನಾವು ಮೂವತ್ತೆರಡು ವರ್ಷಗಳ ಕಾಲ ಒಂದು ಇಂಗ್ಲಿಷ್ ವಿಶೇಷಣದಿಂದ ಕರೆದೆವು. ಅವನಿಗೆ ಹೆಸರಿರಲಿಲ್ಲವೆಂದಲ್ಲ. ಅಜ್ಜ ಕಿವಿಯಲ್ಲಿ ಬಾಂಗ್ ಹೇಳಿ ಇಟ್ಟ ಚೆಂದದ ಹೆಸರೇ ಇತ್ತು. ಆದರೆ ನಮಗೆ ಅದು ಬೇಕಾಗಿರಲಿಲ್ಲ. ನಮ್ಮದೇ ಒಂದು ಹೆಸರು ಇಟ್ಟಿದ್ದೆವು. ಅದು ನಮಗೆ ಬಹಳ ಜಾಣತನದ ಹೆಸರಾಗಿ ಕಂಡಿತ್ತು.

1986ರ ಮಾತು. ಕರಾವಳಿಯ ಒಂದು ತಾಲೂಕು ಕೇಂದ್ರದ ಕಾಲೇಜಿನಲ್ಲಿ ನಾವು ಎರಡನೆಯ ವರ್ಷದ ಬಿ.ಎ. ಓದುತ್ತಿದ್ದೆವು. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು ಹನ್ನೊಂದೇ ಮಂದಿ. ಮೇಷ್ಟ್ರು ತರಗತಿಗೆ ಬಂದು ಹಳದಿ ಬಣ್ಣಕ್ಕೆ ತಿರುಗಿದ ಕಾಗದಗಳನ್ನು ತೆರೆದು ನೋಟ್ಸ್ ಹೇಳುತ್ತಿದ್ದರು, ನಾವು ತಲೆ ಬಗ್ಗಿಸಿ ಬರೆಯುತ್ತಿದ್ದೆವು. ಒಂದು ದಿನ 'ಬೈರಾನಿಕ್ ಹೀರೋ' ಎಂಬ ತಲೆಬರಹ ಬಂತು. ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆ. ಈ ನಾಯಕ ಅಭಿಮಾನಿ, ಸದಾ ಮುಖ ಗಂಟಿಕ್ಕಿಕೊಂಡವನು, ಒಂಟಿ, ಸಮಾಜವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು, ಎದೆಯೊಳಗೆ ಯಾವುದೋ ಹಳೆಯ ಪಾಪದ ಗುಟ್ಟನ್ನು ಹೊತ್ತವನು, ಆದರೂ ಒಮ್ಮೆ ಪ್ರೀತಿಸಿದರೆ ಸಾಯುವವರೆಗೂ ಬಿಡದವನು. ಕೊನೆಗೆ ಮೇಷ್ಟ್ರು, "ಈ ಪದ ಬಂದದ್ದು ಲಾರ್ಡ್ ಬೈರನ್ ಎಂಬ ಕವಿಯ ಹೆಸರಿನಿಂದ. ಆತನೂ ಹಾಗೆಯೇ ಇದ್ದ. ಒಂದು ಕಾಲು ಕುಂಟು" ಎಂದರು.

ಹತ್ತು ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿದವು. ಕೊನೆಯ ಬೆಂಚಿನಲ್ಲಿ ನಮ್ಮ ಗೆಳೆಯ ಕುಳಿತಿದ್ದ. ಎರಡು ವರ್ಷದ ಮಗುವಾಗಿದ್ದಾಗ ಬಂದ ಪೋಲಿಯೋ ಅವನ ಎಡಗಾಲನ್ನು ಸಣ್ಣದಾಗಿಸಿತ್ತು. ಅವನು ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ. ಮುಖದಲ್ಲಿ ಯಾವಾಗಲೂ ಒಂದು ಕಪ್ಪು ಛಾಯೆ. ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿಗೆ ನುಗ್ಗಿದರೆ ಅವನು ಗ್ರಂಥಾಲಯದ ಮೂಲೆಗೆ ಹೋಗುತ್ತಿದ್ದ. ನೋಟ್ಸಿನ ಪ್ರತಿಯೊಂದು ಲಕ್ಷಣವೂ ಹೊಂದಿಕೆಯಾಗುತ್ತಿತ್ತು! ಆ ಸಂಜೆಯೊಳಗೆ ಅವನು 'ಬೈರಾನಿಕ್' ಆದ. ತಿಂಗಳೊಳಗೆ ಪದ ನಮ್ಮ ಬಾಯಲ್ಲಿ ಸವೆದು 'ಬೈರ' ಆಯಿತು. ಕ್ಯಾಂಟೀನಿನ ಭಟ್ಟರಂತೂ ಈ ಬ್ಯಾರಿ ಹುಡುಗನ ಹೆಸರು ಭೈರಪ್ಪ ಎಂದೇ ತಿಳಿದಿದ್ದರು. ಅದಕ್ಕೂ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಅವನು ನಗಲಿಲ್ಲ. ನಗದಿರುವುದೂ ಬೈರಾನಿಕ್ ಲಕ್ಷಣವೇ ಎಂದು ನಾವು ತೀರ್ಮಾನಿಸಿದೆವು.

2018ರಲ್ಲಿ ಅವನ ಮಗಳ ಮದುವೆ. ಆಗ ಅವನು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕ. ಹಳೆಯ ತರಗತಿಯ ಆರು ಮಂದಿ ಒಟ್ಟಾಗಿ ಹೋಗಿದ್ದೆವು. ಹಾಲ್‌ನ ಬಾಗಿಲಲ್ಲಿ ಬೀಗರನ್ನು ಬರಮಾಡಿಕೊಳ್ಳುತ್ತ ನಿಂತಿದ್ದವನನ್ನು ಕಂಡು ಸಂತೋಷದಿಂದ "ಏ ಬೈರಾ!" ಎಂದು ದೂರದಿಂದಲೇ ಕೂಗಿದೆವು. ಹೊಸ ಅಳಿಯನ ಮನೆಯವರು ತಿರುಗಿ ನೋಡಿದರು. ಅವನ ಕಿರಿಯ ಮಗ ಪಕ್ಕದಲ್ಲಿದ್ದ. "ಉಪ್ಪಾ, ಬೈರ ಯಾರು?" ಎಂದು ಕೇಳಿದ. ಗೆಳೆಯ ಒಂದು ಕ್ಷಣ ಸುಮ್ಮನಿದ್ದು, "ಒಬ್ಬ ಕವಿ, ಇಂಗ್ಲೆಂಡಿನವ" ಎಂದು ಹೇಳಿ ನಮ್ಮ ಕೈ ಹಿಡಿದು ಊಟಕ್ಕೆ ಕರೆದುಕೊಂಡು ಹೋದ.

ನೆಂಟರೆಲ್ಲ ಹೋದ ಮೇಲೆ ಸಂಜೆ ಅವನ ಮನೆಯ ಜಗಲಿಯಲ್ಲಿ ಕುಳಿತೆವು. ಸುಲೈಮಾನಿ ಚಹಾ ಬಂತು. ಆಗ ಅವನು ಸಿಟ್ಟಿಲ್ಲದೆ, ಪಾಠ ಹೇಳುವ ದನಿಯಲ್ಲಿ ಹೇಳಿದ: "ನಿಮಗೆ ಗೊತ್ತಿರಲಿಕ್ಕಿಲ್ಲ. ಆ ವರ್ಷ ಸೌದಿಗೆ ಹೋಗಿದ್ದ ಉಪ್ಪನ ಪತ್ರ ನಿಂತುಹೋಗಿತ್ತು. ಉಮ್ಮ ಬೀಡಿ ಕಟ್ಟುತ್ತಿದ್ದರು. ಬ್ರಾಂಚಿಗೆ ಲೆಕ್ಕ ಕೊಡಬೇಕಲ್ಲ, ರಾತ್ರಿ ಒಂದು ಗಂಟೆಯವರೆಗೆ ಚಿಮಣಿ ದೀಪದಲ್ಲಿ ನಾನೂ ಕಟ್ಟುತ್ತಿದ್ದೆ. ತರಗತಿಯಲ್ಲಿ ನನಗೆ ನಿದ್ದೆ ಬರುತ್ತಿತ್ತು. ಕ್ಯಾಂಟೀನಿಗೆ ಬರಲು ದುಡ್ಡಿರಲಿಲ್ಲ. ನೀವು ಅದನ್ನೆಲ್ಲ ಬೈರಾನಿಕ್ ಎಂದಿರಿ."

ನಮ್ಮಲ್ಲಿ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಅವನೇ ಮುಂದುವರಿಸಿದ: "ಒಂದು ಕೆಲಸ ಮಾಡಿ. ಆ ಕವಿಯನ್ನಾದರೂ ಸರಿಯಾಗಿ ಓದಿ. ಅವನಿಗೂ ನನಗಾದದ್ದೇ ಆಗಿದೆ."

ಹಾಗೆ ನಾವು ಐವತ್ತು ದಾಟಿದ ಮೇಲೆ ಮತ್ತೆ ನಿಘಂಟು ತೆರೆದೆವು.

ಪದದ ಬೇರಿನಿಂದಲೇ ಪ್ರಾರಂಭಿಸೋಣ. ಇಂಗ್ಲಿಷ್‌ನಲ್ಲಿ 'ಬೈಯರ್' ಎಂದರೆ ದನದ ಕೊಟ್ಟಿಗೆ. ಹಳೆಯ ಇಂಗ್ಲಿಷ್‌ನಲ್ಲಿ ಇದರ ಬಹುವಚನದ ಒಂದು ವಿಭಕ್ತಿ ರೂಪ 'ಬ್ಯೂರುಮ್'. ಅಂದರೆ 'ಕೊಟ್ಟಿಗೆಗಳ ಬಳಿ'. ಕೊಟ್ಟಿಗೆಗಳ ಬಳಿ ವಾಸಿಸುವವರು ಎಂಬುದೇ 'ಬೈರನ್' ಎಂಬ ಉಪನಾಮಕ್ಕೆ ಉಪನಾಮಗಳ ನಿಘಂಟುಗಳು ಕೊಡುವ ಅರ್ಥ. ಕವಿಯ ಮನೆತನದ ಹಿರಿಯರು ನಾರ್ಮನ್ನರು. 1086ರ ಭೂದಾಖಲೆಯಲ್ಲಿ ಅವರ ಹೆಸರು 'ಡಿ ಬುರುನ್' ಎಂದಿದೆ. ಕಾಲಕ್ರಮದಲ್ಲಿ ಅದೂ ಬೈರನ್ ಆಯಿತು. ಜಗತ್ತಿನ ಅತ್ಯಂತ ಗರ್ವಿಷ್ಠ ವಿಶೇಷಣವೆನಿಸಿಕೊಂಡ ಪದದ ಅಡಿಯಲ್ಲಿ ಸಗಣಿ, ಹುಲ್ಲಿನ ವಾಸನೆ! ನಮ್ಮೂರಿನ ಮನೆತನದ ಹೆಸರುಗಳೂ ಹೀಗೆಯೇ ಅಲ್ಲವೇ? ಗುಡ್ಡೆಮನೆ, ಕೆರೆಬದಿ, ಹಿತ್ತಿಲು ಎಂದು ಹೆಸರು ಹೊತ್ತವರು ಎಲ್ಲೆಲ್ಲಿಯೋ ಹೋಗಿ ದೊಡ್ಡವರಾಗುತ್ತಾರೆ. ಹೆಸರು ಮಾತ್ರ ಹಳೆಯ ಹಿತ್ತಿಲನ್ನು ನೆನಪಿಟ್ಟುಕೊಂಡಿರುತ್ತದೆ.

ಈ ಹೆಸರಿಗೆ ಅಂಟಿದ 'ಇಕ್' ಎಂಬ ಪ್ರತ್ಯಯ ಇನ್ನೂ ದೂರದಿಂದ ಬಂದದ್ದು. ಗ್ರೀಕ್‌ನಲ್ಲಿ 'ಇಕೋಸ್', ಲ್ಯಾಟಿನ್‌ನಲ್ಲಿ 'ಇಕುಸ್', ಫ್ರೆಂಚ್‌ನಲ್ಲಿ 'ಈಕ್' ಆಗಿ ಇಂಗ್ಲಿಷ್‌ಗೆ ಬಂದಿಳಿಯಿತು. 'ಅದಕ್ಕೆ ಸಂಬಂಧಪಟ್ಟ' ಎಂದು ಅರ್ಥ. ಕವಿಗಳ ಹೆಸರನ್ನು ವಿಶೇಷಣ ಮಾಡುವ ಬಾಲಗಳು ಇಂಗ್ಲಿಷ್‌ನಲ್ಲಿ ಹಲವಿವೆ. ಹೋಮರ್, ಮಿಲ್ಟನ್, ಬೈರನ್ನರಿಗೆ 'ಇಕ್'. ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್‌ರಿಗೆ 'ಇಯನ್'. ಡಾಂಟೆಗೆ ಇಟಲಿಯಿಂದ ಫ್ರಾನ್ಸ್ ಹಾದು ಬಂದ 'ಎಸ್ಕ್'. 'ಇಕ್' ಬಾಲದ ಒಂದು ಸ್ವಭಾವವುಂಟು. ಅದು ಬಂದು ಸೇರಿದ ಕೂಡಲೇ ಪದದ ಒತ್ತು ತನ್ನ ಪಕ್ಕಕ್ಕೆ ಜರುಗುತ್ತದೆ. ಬೈರನ್ ಎನ್ನುವಾಗ ಒತ್ತು ಮೊದಲ ಅಕ್ಷರದ ಮೇಲೆ, 'ರನ್' ಎಂಬುದು ಕೇಳಿಸಿಯೂ ಕೇಳಿಸದಂತೆ. 'ಬೈರಾನಿಕ್' ಎನ್ನುವಾಗ ಒತ್ತು ನಡುವಿಗೆ ಬಂದು 'ರಾ' ಎದ್ದು ನಿಲ್ಲುತ್ತದೆ. ಅಂದರೆ ಹೆಸರು ವಿಶೇಷಣವಾಗುವಾಗ ಅದನ್ನು ಕರೆಯುವ ದನಿಯೇ ಬದಲಾಗಿಬಿಡುತ್ತದೆ. ತಾಯಿ ಕರೆದರೆ ಓಗೊಡುತ್ತಿದ್ದ ಹೆಸರು ಅದಲ್ಲ.

ಈ ವಿಶೇಷಣ ಹುಟ್ಟಿದ್ದು 1820ರ ದಶಕದಲ್ಲಿ. ಹಾಗಾದರೆ ಅದಕ್ಕೆ ಮೊದಲು ನಡೆದದ್ದೇನು?

ಜಾರ್ಜ್ ಗಾರ್ಡನ್ ಬೈರನ್ ಹುಟ್ಟಿದ್ದು 1788ರ ಜನವರಿ 22ರಂದು, ಲಂಡನ್ನಿನಲ್ಲಿ. ಬಲಗಾಲು ಹುಟ್ಟಿನಿಂದಲೇ ಊನ. ತಂದೆ ದುಂದುಗಾರ; ಹೆಂಡತಿಯ ಆಸ್ತಿಯನ್ನೆಲ್ಲ ಕರಗಿಸಿ, ಮಗನಿಗೆ ಮೂರು ವರ್ಷವಾಗಿದ್ದಾಗ ಫ್ರಾನ್ಸಿನಲ್ಲಿ ಸತ್ತ. ತಾಯಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಬಡತನದಲ್ಲಿ ಮಗನನ್ನು ಬೆಳೆಸಿದಳು. 1798ರಲ್ಲಿ, ಹತ್ತು ವರ್ಷದವನಿದ್ದಾಗ, ದೊಡ್ಡಜ್ಜ ತೀರಿಕೊಂಡು ಈತನಿಗೆ ಲಾರ್ಡ್ ಪದವಿಯೂ ಪಾಳುಬಿದ್ದ ಬಂಗಲೆಯೂ ಬಂದವು. 1809ರಿಂದ 1811ರವರೆಗೆ ಪೋರ್ಚುಗಲ್, ಸ್ಪೇನ್, ಅಲ್ಬೇನಿಯಾ, ಗ್ರೀಸ್, ತುರ್ಕಿಗಳನ್ನು ಸುತ್ತಿ ಬಂದ. ಆ ಅನುಭವದಿಂದ ಬರೆದ 'ಚೈಲ್ಡ್ ಹೆರಾಲ್ಡ್' ಕಾವ್ಯದ ಮೊದಲ ಎರಡು ಸರ್ಗಗಳು 1812ರ ಮಾರ್ಚಿನಲ್ಲಿ ಪ್ರಕಟವಾಗಿ ಇಪ್ಪತ್ತನಾಲ್ಕರ ಯುವಕ ಲಂಡನ್ನಿನ ಮನೆಮಾತಾದ. 1814ರಲ್ಲಿ ಬಂದ 'ದ ಕೋರ್ಸೇರ್' ಎಂಬ ಕಡಲ್ಗಳ್ಳನ ಕಥನಕಾವ್ಯದ 10,000 ಪ್ರತಿಗಳು ಮೊದಲ ದಿನವೇ ಮಾರಾಟವಾದವು. ಕವಿತೆಯ ಪುಸ್ತಕ, ಒಂದೇ ದಿನದಲ್ಲಿ ಹತ್ತು ಸಾವಿರ! ಇಂದು ಕನ್ನಡದಲ್ಲಿ ಕವಿತೆ ಬರೆಯುವವರು ಈ ಸಂಖ್ಯೆಯನ್ನು ಎರಡು ಸಲ ಓದಿಕೊಳ್ಳಬಹುದು.

ಈ ಕಾವ್ಯಗಳ ಮುನಿಸಿನ, ಒಂಟಿತನದ ನಾಯಕರು ಒಬ್ಬರನ್ನೊಬ್ಬರು ಹೋಲುತ್ತಿದ್ದರು. ಓದುಗರು ಅವರೆಲ್ಲರೂ ಕವಿಯೇ ಎಂದು ನಂಬಿದರು. ಕವಿಯೂ ಆ ನಂಬಿಕೆಯನ್ನು ಪೂರ್ತಿ ಅಲ್ಲಗಳೆಯಲಿಲ್ಲ. ಅವುಗಳಲ್ಲಿ 1813ರಲ್ಲಿ ಬಂದ 'ದ ಜಿಯಾವುರ್' ಎಂಬ ಕಾವ್ಯ ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಆ ಪದ ತುರ್ಕಿ ಭಾಷೆಯ 'ಗಾವುರ್'. ಮುಸ್ಲಿಮನಲ್ಲದವನು, ನಂಬದವನು ಎಂದು ಹಳಿದು ಹೇಳುವ ಮಾತು. ಕತೆ ಒಟ್ಟೋಮನ್ ಆಳ್ವಿಕೆಯ ಗ್ರೀಸಿನದು. ಹಸನ್ ಎಂಬ ಅಧಿಕಾರಿಯ ಅಂತಃಪುರದ ಲೈಲಾ ಎಂಬ ದಾಸಿ ಒಬ್ಬ ವೆನಿಸಿನವನನ್ನು ಪ್ರೀತಿಸುತ್ತಾಳೆ. ಹಸನ್ ಅವಳನ್ನು ಸಮುದ್ರಕ್ಕೆ ಎಸೆಸುತ್ತಾನೆ. ಪ್ರೇಮಿ ಹಸನನನ್ನು ಕೊಂದು, ಉಳಿದ ಬದುಕನ್ನು ಮಠವೊಂದರಲ್ಲಿ ಪಶ್ಚಾತ್ತಾಪದಲ್ಲಿ ಕಳೆಯುತ್ತಾನೆ. ಅವನು ಕೊನೆಯಲ್ಲಿ ಪಾದ್ರಿಯ ಮುಂದೆ ಒಂದು ಮಾತು ಒಪ್ಪಿಕೊಳ್ಳುತ್ತಾನೆ: ಲೈಲಾ ತನಗೆ ಮೋಸ ಮಾಡಿದ್ದರೆ ಹಸನ್ ಮಾಡಿದ್ದನ್ನೇ ತಾನೂ ಮಾಡುತ್ತಿದ್ದೆ ಎಂದು. ಪೂರ್ವದ ಜನರೆಲ್ಲ ಕ್ರೂರಿಗಳು, ಪಶ್ಚಿಮದವರು ಸಭ್ಯರು ಎಂದು ಬರೆಯುವುದು ಸುಲಭವಾಗಿದ್ದ ಕಾಲದಲ್ಲಿ, ಗಂಡಸಿನ ಕ್ರೌರ್ಯಕ್ಕೆ ಮತದ ಗಡಿ ಇಲ್ಲವೆಂದು ನಾಯಕನ ಬಾಯಿಂದಲೇ ಹೇಳಿಸಿದ್ದು ಸಣ್ಣ ಮಾತಲ್ಲ.

ಇನ್ನೂ ಒಂದು ಸಂಗತಿ ಇದೆ. ಈ ನಾಯಕನಿಗೆ ಕಾವ್ಯದುದ್ದಕ್ಕೂ ಹೆಸರೇ ಇಲ್ಲ. ಅವನನ್ನು ದೂರದಿಂದ ಕಂಡ ಒಬ್ಬ ಮುಸ್ಲಿಂ ಬೆಸ್ತ 'ಗಾವುರ್' ಎನ್ನುತ್ತಾನೆ. ಅಷ್ಟೇ ಅವನ ಗುರುತು. ಕೊನೆಗೆ ಅವನು ಸತ್ತಾಗಲೂ ಹೆಸರಾಗಲೀ ಕುಲವಾಗಲೀ ಹಿಂದೆ ಉಳಿಯುವುದಿಲ್ಲ. ಬೈರಾನಿಕ್ ನಾಯಕರ ಸಾಲಿನ ಆರಂಭದಲ್ಲೇ ನಿಂತವನು ಪರರು ಅಂಟಿಸಿದ ಚೀಟಿಯಿಂದ ಮಾತ್ರ ಗುರುತಿಸಲ್ಪಟ್ಟವನು! ಅವನನ್ನು ಸೃಷ್ಟಿಸಿದ ಕವಿಯ ಹೆಸರೂ ಮುಂದೆ ಇಂಥದೇ ಒಂದು ಚೀಟಿಯಾಯಿತು. ಆ ಚೀಟಿಯನ್ನು ನೂರೈವತ್ತು ವರ್ಷಗಳ ನಂತರ ನಾವು ಒಬ್ಬ ನಿದ್ದೆಗೆಟ್ಟ ಹುಡುಗನ ಬೆನ್ನಿಗೆ ಅಂಟಿಸಿದೆವು.

ಚೀಟಿಯ ಬರಹವನ್ನು ಖಾಯಂ ಮಾಡಿದವರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಒಬ್ಬ ಮಹಾಶಯ ಇದ್ದಾನೆ. ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ. 1831ರಲ್ಲಿ ಆತ 'ಎಡಿನ್‌ಬರೋ ರಿವ್ಯೂ' ಪತ್ರಿಕೆಯಲ್ಲಿ ಬೈರನ್ ಕುರಿತು ಒಂದು ದೀರ್ಘ ಪ್ರಬಂಧ ಬರೆದ. ಬೈರನ್ ಚಿತ್ರಿಸಬಲ್ಲ ಗಂಡಸು ಒಬ್ಬನೇ ಎಂದು ಹೇಳಿ ಅವನ ಲಕ್ಷಣಗಳನ್ನು ಪಟ್ಟಿ ಮಾಡಿದ. ಓದುತ್ತಿದ್ದಂತೆ ನಮಗೆ ಆಶ್ಚರ್ಯ. ನಮ್ಮ ಮೇಷ್ಟ್ರ ಹಳದಿ ಕಾಗದದ ನೋಟ್ಸು ಇಲ್ಲಿಂದಲೇ ಇಳಿದು ಬಂದದ್ದು! ಬೈರನ್ನನನ್ನು ಅನುಕರಿಸುವ ಹುಡುಗರನ್ನೂ ಮೆಕಾಲೆ ಅಲ್ಲಿ ಗೇಲಿ ಮಾಡುತ್ತಾನೆ. ಅವರು ಕನ್ನಡಿಯ ಮುಂದೆ ನಿಂತು ತುಟಿ ಕೊಂಕಿಸುವುದನ್ನೂ ಹುಬ್ಬು ಗಂಟಿಕ್ಕುವುದನ್ನೂ ಅಭ್ಯಾಸ ಮಾಡುತ್ತಿದ್ದರಂತೆ. ನಮ್ಮ ಹಾಸ್ಟೆಲಿನ ಕನ್ನಡಿಗೂ ಇಂಥ ಮುಖಗಳ ಪರಿಚಯವಿತ್ತು. ದಿಲೀಪ್ ಕುಮಾರರ ಹಳೆಯ ಚಿತ್ರ ನೋಡಿ ಬಂದ ರಾತ್ರಿ ನಾವೂ ಹುಬ್ಬು ಗಂಟಿಕ್ಕಿದವರೇ.

ಮೆಕಾಲೆಯ ಆ ಪ್ರಬಂಧದಲ್ಲಿ ನ್ಯಾಯಬುದ್ಧಿಯೂ ಇದೆ. ಲಂಡನ್ನಿನ ಸಮಾಜ ಬೈರನ್ನನನ್ನು ಮೊದಲು ತಲೆಯ ಮೇಲೆ ಹೊತ್ತು ಕುಣಿದು, ಆಮೇಲೆ ಒಮ್ಮೆಲೇ ನೀತಿಯ ಆವೇಶ ಬಂದಂತೆ ಕಲ್ಲೆಸೆದದ್ದನ್ನು ಆತ ಕಟುವಾಗಿ ಟೀಕಿಸುತ್ತಾನೆ. ಆದರೆ ಅದೇ ಮೆಕಾಲೆ 1834ರಲ್ಲಿ ಭಾರತಕ್ಕೆ ಬಂದು, 1835ರ ಫೆಬ್ರವರಿಯಲ್ಲಿ ಶಿಕ್ಷಣದ ಬಗ್ಗೆ ತನ್ನ ಪ್ರಸಿದ್ಧ ಟಿಪ್ಪಣಿ ಬರೆದ. ಸಂಸ್ಕೃತವಾಗಲೀ ಅರಬಿಯಾಗಲೀ ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತಲೇ, ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯವನ್ನು ಯುರೋಪಿನ ಪುಸ್ತಕಗಳ ಒಂದು ಕಪಾಟಿನ ಸಾಲಿಗಿಂತ ಕೆಳಗಿಟ್ಟ. ಒಬ್ಬ ಕವಿಗಾದ ಅನ್ಯಾಯ ಕಂಡ ಕಣ್ಣಿಗೆ ಎರಡು ನಾಗರಿಕತೆಗಳಿಗೆ ತಾನೇ ಅಂಟಿಸಿದ ಚೀಟಿ ಕಾಣಲಿಲ್ಲ. ಆ ಟಿಪ್ಪಣಿ ತೆರೆದ ದಾರಿಯಲ್ಲೇ ನಡೆದು ಬಂದು ನಾವು ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು ಎಂಬುದನ್ನೂ ಮರೆಯುವಂತಿಲ್ಲ. ಚೀಟಿ ಅಂಟಿಸುವ ವಿದ್ಯೆ ನಮಗೂ ಅಲ್ಲಿಂದಲೇ ಬಂತೆಂದು ತಪ್ಪಿಸಿಕೊಳ್ಳಲಾಗದು. ಅದು ಎಲ್ಲ ಊರುಗಳಲ್ಲಿಯೂ ಇದೆ, ನಮ್ಮಲ್ಲಿಯೂ ಧಾರಾಳವಾಗಿತ್ತು.

ಹಾಗಾದರೆ 'ಬೈರಾನಿಕ್' ಎಂಬ ಪದ ಬೈರನ್ನನ ಯಾವ ಭಾಗವನ್ನು ಹೊರಗಿಟ್ಟಿತು?

ಮೊದಲನೆಯದಾಗಿ, ಅವನ ನಗು. 1819ರಿಂದ ಸಾಯುವ ವರ್ಷದವರೆಗೆ ಪ್ರಕಟವಾಗುತ್ತ ಬಂದ, ಅವನು ಬರೆದು ಮುಗಿಸದೆ ಹೋದ 'ಡಾನ್ ಜುವಾನ್' ಇಂಗ್ಲಿಷಿನ ಅತ್ಯಂತ ಹಾಸ್ಯದ ಕಾವ್ಯಗಳಲ್ಲಿ ಒಂದು. ಅದರಲ್ಲಿ ಕವಿ ತನ್ನನ್ನೂ ಬಿಡದೆ ಎಲ್ಲರನ್ನೂ ಗೇಲಿ ಮಾಡುತ್ತಾನೆ, ಹರಟುತ್ತಾನೆ, ದಾರಿ ತಪ್ಪುತ್ತಾನೆ, ಮತ್ತೆ ಕತೆಗೆ ಮರಳುತ್ತಾನೆ. ಹೆಚ್ಚಿನ ವಿಮರ್ಶಕರು ಅವನ ಶ್ರೇಷ್ಠ ಕೃತಿ ಎಂದು ಒಪ್ಪುವುದು ಇದನ್ನೇ. ಆದರೆ ಯಾರಾದರೂ ನಗಿಸುವವನನ್ನು 'ಬೈರಾನಿಕ್' ಎಂದು ಕರೆಯುತ್ತಾರೆಯೇ? ಕವಿಯ ಅತ್ಯುತ್ತಮ ಕೃತಿಗೆ ಅವನದೇ ಹೆಸರಿನ ವಿಶೇಷಣದಲ್ಲಿ ಜಾಗವಿಲ್ಲ.

ಎರಡನೆಯದು, ಅವನ ಪೌರಧರ್ಮ. 1812ರ ಫೆಬ್ರವರಿ 27ರಂದು ಬೈರನ್ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತನ್ನ ಮೊದಲ ಭಾಷಣ ಮಾಡಿದ. ನಾಟಿಂಗ್‌ಹ್ಯಾಮ್ ಪ್ರದೇಶದ ನೇಕಾರರು ಹೊಸ ಬಗೆಯ ಮಗ್ಗಗಳಿಂದ ಕೆಲಸ ಕಳೆದುಕೊಂಡು ಅವುಗಳನ್ನು ಒಡೆಯುತ್ತಿದ್ದ ಕಾಲ. ಮಗ್ಗ ಒಡೆದವರಿಗೆ ಮರಣದಂಡನೆ ವಿಧಿಸುವ ಮಸೂದೆ ಬಂದಿತ್ತು. ಹಸಿದ ಮನುಷ್ಯನನ್ನು ಗಲ್ಲಿಗೇರಿಸುವುದು ಪರಿಹಾರವಲ್ಲವೆಂದು ಈ ಲಾರ್ಡ್ ಎದ್ದು ನಿಂತು ವಾದಿಸಿದ. ಮಸೂದೆ ಕಾನೂನಾಯಿತು, ಆ ಮಾತು ಬೇರೆ. ಆದರೆ ಸಮಾಜವನ್ನು ಲೆಕ್ಕಕ್ಕಿಡದ ಒಂಟಿ ಗರ್ವಿಯ ಪಟ್ಟಿಯಲ್ಲಿ ಈ ಭಾಷಣವನ್ನು ಎಲ್ಲಿಡುವುದು?

ಮೂರನೆಯದು, ಅವನ ಸ್ನೇಹ. 1810ರಲ್ಲಿ ಗ್ರೀಸಿನಲ್ಲಿ ಜ್ವರ ಬಂದು ಮಲಗಿದ್ದಾಗ ಅವನ ಇಬ್ಬರು ಅಲ್ಬೇನಿಯನ್ ಸೇವಕರು ಹಗಲಿರುಳು ಆರೈಕೆ ಮಾಡಿದರು. ಒಬ್ಬ ಕ್ರೈಸ್ತ, ಇನ್ನೊಬ್ಬ ದರ್ವೀಶ್ ಎಂಬ ಹೆಸರಿನ ಮುಸ್ಲಿಂ. ಇಷ್ಟು ದಿನದೊಳಗೆ ನಮ್ಮ ಯಜಮಾನ ಗುಣವಾಗದಿದ್ದರೆ ನಿನ್ನ ಕತ್ತು ಕತ್ತರಿಸುತ್ತೇವೆ ಎಂದು ಅವರು ವೈದ್ಯನನ್ನು ಹೆದರಿಸಿದರಂತೆ. ಆ ಬೆದರಿಕೆ ಮತ್ತು ವೈದ್ಯನ ಮದ್ದನ್ನು ತಾನು ಮುಟ್ಟದಿದ್ದದ್ದು, ಇವೆರಡರಿಂದಲೇ ತಾನು ಬದುಕಿದೆ ಎಂದು ಬೈರನ್ ನಗುತ್ತ ಬರೆದಿದ್ದಾನೆ. ಬೀಳ್ಕೊಡುವ ದಿನ ದರ್ವೀಶ್ ಕೊಟ್ಟ ಹಣವನ್ನು ನೆಲಕ್ಕೆಸೆದು ಅಳುತ್ತ ಹೊರಗೆ ಓಡಿದನೆಂದೂ ಬರೆದಿದ್ದಾನೆ. 1816ರ ಕೊನೆಯಲ್ಲಿ ವೆನಿಸಿಗೆ ಬಂದಾಗ ಇದೇ 'ಮುನಿಸಿನ' ಮನುಷ್ಯ ಸಮೀಪದ ದ್ವೀಪವೊಂದರ ಅರ್ಮೇನಿಯನ್ ಮಠಕ್ಕೆ ದೋಣಿಯಲ್ಲಿ ಹೋಗಿ ಸನ್ಯಾಸಿಗಳ ಬಳಿ ಅರ್ಮೇನಿಯನ್ ಭಾಷೆ ಕಲಿಯತೊಡಗಿದ. ಅವರ ವ್ಯಾಕರಣ ಪುಸ್ತಕಕ್ಕೂ ಕೈಜೋಡಿಸಿದ.

ಅವನು ಸಂತನೆಂದು ಹೇಳಲು ಹೊರಟಿಲ್ಲ. 1815ರಲ್ಲಿ ಆದ ಮದುವೆ ಒಂದು ವರ್ಷ ಬಾಳಿತು. 1816ರಲ್ಲಿ ಹೆಂಡತಿಯೂ ಐದು ವಾರದ ಮಗಳೂ ಮನೆ ಬಿಟ್ಟು ಹೋದರು. ಏಪ್ರಿಲಿನಲ್ಲಿ ಇಂಗ್ಲೆಂಡ್ ತೊರೆದವನು ಮರಳಿ ಕಾಲಿಡಲಿಲ್ಲ. ಆ ಮಗಳೇ ಮುಂದೆ ಗಣಕಯಂತ್ರದ ಇತಿಹಾಸದಲ್ಲಿ ಹೆಸರಾದ ಏಡಾ ಲವ್ಲೇಸ್. ತಂದೆ ಅವಳನ್ನು ಮತ್ತೆ ಕಾಣಲಿಲ್ಲ. ಇನ್ನೊಬ್ಬ ಮಗಳು ಅಲ್ಲೆಗ್ರಾಳನ್ನು ಇಟಲಿಯ ಕಾನ್ವೆಂಟಿನಲ್ಲಿ ಬಿಟ್ಟ. 1822ರಲ್ಲಿ ಐದರ ಪ್ರಾಯದಲ್ಲಿ ಅವಳು ಅಲ್ಲಿಯೇ ಜ್ವರದಿಂದ ಸತ್ತಳು. ಇದಕ್ಕೆ 'ಬೈರಾನಿಕ್' ಎಂಬ ಚೆಂದದ ಹೊದಿಕೆ ಹಾಕುವುದೂ ತಪ್ಪೇ. ವಿಶೇಷಣ ಮನುಷ್ಯನ ಒಳ್ಳೆಯದನ್ನು ಮಾತ್ರ ಮುಚ್ಚುವುದಿಲ್ಲ, ಅವನ ತಪ್ಪನ್ನೂ ಶೃಂಗಾರ ಮಾಡಿ ಮರೆಸುತ್ತದೆ.

ಕೊನೆಗೆ ಅವನು ಗ್ರೀಕರ ಸ್ವಾತಂತ್ರ್ಯ ಹೋರಾಟಕ್ಕೆ ತನ್ನ ಹಣ, ಶ್ರಮಗಳನ್ನು ಕೊಟ್ಟು 1824ರ ಜನವರಿಯಲ್ಲಿ ಮಿಸ್ಸೊಲೊಂಗಿ ಎಂಬ ಜೌಗು ಊರಿಗೆ ಬಂದ. ಯುದ್ಧ ಮಾಡುವ ಮೊದಲೇ ಜ್ವರ ಹಿಡಿಯಿತು. ವೈದ್ಯರು ಆಗಿನ ಪದ್ಧತಿಯಂತೆ ಮತ್ತೆ ಮತ್ತೆ ರಕ್ತ ತೆಗೆದರು. ಈ ಸಲ ವೈದ್ಯರನ್ನು ಹೆದರಿಸಲು ದರ್ವೀಶ್ ಇರಲಿಲ್ಲ. ಏಪ್ರಿಲ್ 19ರಂದು, 36ನೆಯ ವಯಸ್ಸಿನಲ್ಲಿ ಸತ್ತ. ದೇಹ ಇಂಗ್ಲೆಂಡಿಗೆ ಬಂದಾಗ ವೆಸ್ಟ್‌ಮಿನ್‌ಸ್ಟರ್ ಅಬೆ ಜಾಗ ಕೊಡಲಿಲ್ಲ. ನಾಟಿಂಗ್‌ಹ್ಯಾಮ್ ಬಳಿಯ ಹಕ್‌ನಲ್ ಎಂಬಲ್ಲಿ ಹೂಳಿದರು. ಅಬೆಯ ಕವಿಗಳ ಮೂಲೆಯಲ್ಲಿ ಅವನಿಗೆ ಸ್ಮಾರಕ ಫಲಕ ಸಿಕ್ಕಿದ್ದು 1969ರಲ್ಲಿ. ಹೆಸರಿನಿಂದ ಹುಟ್ಟಿದ ವಿಶೇಷಣ ಜಗತ್ತು ಸುತ್ತಿ ಬರುತ್ತಿದ್ದಾಗ, ಹೆಸರಿಗೆ ಒಂದು ಕಲ್ಲು ಸಿಗಲು 145 ವರ್ಷ ಬೇಕಾಯಿತು.

ಹೆಸರು ಮತ್ತು ಗುಣ ಒಂದರೊಳಗೊಂದು ಬೆರೆಯುವುದು ಎಲ್ಲ ಭಾಷೆಗಳಲ್ಲಿಯೂ ಇದೆ. ಅರಬಿಯಲ್ಲಿ 'ಈ' ಎಂಬ ಬಾಲ ಸೇರಿಸಿದರೆ ಊರು ಮನುಷ್ಯನ ಗುರುತಾಗುತ್ತದೆ. ಬುಖಾರಾದವನು ಬುಖಾರಿ, ಶಿರಾಜಿನವನು ಶಿರಾಜಿ. ಉರ್ದುವಿನವರು ಗಾಲಿಬನ ಅಧ್ಯಯನಕ್ಕೆ 'ಗಾಲಿಬಿಯಾತ್' ಎನ್ನುತ್ತಾರೆ. ಅದು ಓದಲು ಕರೆಯುವ ಪದ. ಓದದೆ ತೀರ್ಪು ಕೊಡುವ ಪದವಲ್ಲ. ನಮ್ಮ ಕನ್ನಡದಲ್ಲಿ ಕವಿಯ ಹೆಸರನ್ನು ಹಾಗೆ ಗುಣವಾಚಕ ಮಾಡುವ ರೂಢಿ ಕಡಿಮೆ. ನಾವು ಕವಿಯನ್ನು ಕೃತಿಯ ಕೈ ಹಿಡಿಸಿ ಕರೆಯುತ್ತೇವೆ. ಕೆ.ಎಸ್. ನರಸಿಂಹಸ್ವಾಮಿಯವರು 'ಮೈಸೂರು ಮಲ್ಲಿಗೆ'ಯ ಕವಿ, ನಿಸಾರ್ ಅಹಮದ್ ಅವರು 'ನಿತ್ಯೋತ್ಸವ'ದ ಕವಿ. ಇದರಿಂದಲೂ ಅವರ ಉಳಿದ ಬರಹ ಹಿಂದೆ ಸರಿಯುತ್ತದೆ, ನಿಜ. ಆದರೆ ಆ ಷಷ್ಠಿ ವಿಭಕ್ತಿಯ ಆಚೆ ಕವಿಯೊಬ್ಬ ಮನುಷ್ಯನಾಗಿ ನಿಂತಿರುತ್ತಾನೆ. 'ಬೈರಾನಿಕ್' ಎನ್ನುವಲ್ಲಿ ಮನುಷ್ಯನೇ ಕರಗಿ ಬಣ್ಣವಾಗಿಬಿಟ್ಟಿದ್ದಾನೆ. ಆ ಬಣ್ಣವನ್ನು ಯಾರ ಮುಖಕ್ಕೆ ಬೇಕಾದರೂ ಬಳಿಯಬಹುದು.

ಅಡ್ಡಹೆಸರಿಟ್ಟು ಒಬ್ಬರನ್ನೊಬ್ಬರು ಕರೆಯಬೇಡಿರೆಂದು ಕುರ್‌ಆನಿನ 'ಅಲ್ ಹುಜುರಾತ್' ಅಧ್ಯಾಯ ಎಚ್ಚರಿಸುತ್ತದೆ. ನಮ್ಮಲ್ಲಿ ಕೆಲವರು ಅದನ್ನು ಮದ್ರಸದ ದಿನಗಳಲ್ಲೇ ಓದಿದ್ದೆವು. ಆದರೆ ಅಡ್ಡಹೆಸರೆಂದರೆ ಕುಂಟ, ಕುರುಡ ಎನ್ನುವುದು ಎಂದು ತಿಳಿದಿದ್ದೆವು. ನಾವು ಕುಂಟ ಎಂದಿರಲಿಲ್ಲ. ಇಂಗ್ಲಿಷ್ ನಿಘಂಟಿನ ದೊಡ್ಡ ಪದ ಬಳಸಿದ್ದೆವು. ಆ ಪದದ ಒಳಗೆ ಅದೇ ಕುಂಟು ಇತ್ತು ಎಂಬುದು ನಮಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೊತ್ತಿಲ್ಲದಂತೆ ನಟಿಸಿದವರು ನಾವು ಮಾತ್ರ.

ಇಷ್ಟೆಲ್ಲ ಓದಿ ಆದ ಮೇಲೆ ಒಂದು ಭಾನುವಾರ ಅವನ ಮನೆಗೆ ಮತ್ತೆ ಹೋದೆವು. ಪರೀಕ್ಷೆಗೆ ಕೂತ ಹುಡುಗರಂತೆ ಓದಿದ್ದನ್ನೆಲ್ಲ ಒಪ್ಪಿಸಿದೆವು. ಅವನು ಕೇಳುತ್ತ ಕುಳಿತ. "ಒಂದು ಬಿಟ್ಟಿರಿ" ಎಂದ. "ಈಜು." 1810ರ ಮೇ 3ರಂದು ಬೈರನ್ ಯುರೋಪಿನ ದಡದಿಂದ ಏಷ್ಯಾದ ದಡಕ್ಕೆ, ಹೆಲ್ಲೆಸ್ಪಾಂಟ್ ಜಲಸಂಧಿಯನ್ನು ಈಜಿ ದಾಟಿದ್ದ. ಸುಮಾರು ಒಂದು ಗಂಟೆ ಹತ್ತು ನಿಮಿಷ. ತನ್ನ ಯಾವ ಕಾವ್ಯಕ್ಕಿಂತಲೂ ಹೆಚ್ಚಾಗಿ ಇದರ ಬಗ್ಗೆ ಹೆಮ್ಮೆಪಡುತ್ತಿದ್ದವನಂತೆ ಪತ್ರದಿಂದ ಪತ್ರಕ್ಕೆ ಅದನ್ನೇ ಬರೆದ.

"ಅದನ್ನು ನಾನು ಆಗಲೇ ಓದಿದ್ದೆ, ಗ್ರಂಥಾಲಯದಲ್ಲಿ" ಎಂದ ಗೆಳೆಯ. "ನೀವು ಕ್ಯಾಂಟೀನಿನಲ್ಲಿ ಇರುತ್ತಿದ್ದಿರಲ್ಲ, ಆಗ. ಓದಿ ಬಹಳ ಖುಷಿಯಾಗಿತ್ತು. ಯಾಕೆಂದರೆ ನಾನೂ ಹೊಳೆ ದಾಟುತ್ತಿದ್ದೆ. ಮಳೆಗಾಲ ಕಳೆದ ಮೇಲೆ ನಮ್ಮ ಹೊಳೆಯಲ್ಲಿ ಆಚೆ ದಡಕ್ಕೆ ಹೋಗಿ ಬರುತ್ತಿದ್ದೆ. ನೀರಿಗೆ ಇಳಿದರೆ ಕಾಲಿನ ಲೆಕ್ಕ ಯಾರು ಕೇಳುತ್ತಾರೆ? ನೀವು ಕೇಳಿದ್ದರೆ ಹೇಳುತ್ತಿದ್ದೆ."

ಮೂರು ವರ್ಷ ಒಟ್ಟಿಗೆ ಓದಿದೆವು. ಹೊಳೆಯ ದಡದಲ್ಲಿ ಎಷ್ಟೋ ಸಂಜೆ ಕಳೆದೆವು. ಅವನಿಗೆ ಈಜು ಬರುತ್ತದೆಯೇ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಉತ್ತರ ನಮ್ಮ ನೋಟ್ಸಿನಲ್ಲಿ ಇದೆಯೆಂದು ನಂಬಿದ್ದೆವು.

"ಹಾಗಾದರೆ ಇನ್ನು ನಿನ್ನನ್ನು ಏನೆಂದು ಕರೆಯುವುದು?" ಎಂದು ಕೇಳಿದೆವು. ಕೇಳಿದ ಮೇಲೆ ನಮಗೇ ನಾಚಿಕೆಯಾಯಿತು. ಅವನು ನಕ್ಕ. ಆ ನಗು ಅವನಿಗೆ ಮೊದಲಿನಿಂದಲೂ ಇತ್ತು, ನಾವು ನೋಡಿರಲಿಲ್ಲ. "ಹಾಜರಿ ಪುಸ್ತಕದಲ್ಲಿ ಇತ್ತಲ್ಲ" ಎಂದ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವನದು. ಬಸ್ಸಿನಲ್ಲಿ ಮರಳುವಾಗ ನಾವು ಆರು ಮಂದಿಯೂ ನಮ್ಮ ನಮ್ಮ ಮೊಬೈಲು ತೆಗೆದೆವು. ಆರರಲ್ಲೂ ಅವನ ನಂಬರು 'ಬೈರ' ಎಂದೇ ಇತ್ತು. ಅಳಿಸಿ, ಹೆಸರು ಬರೆದೆವು. ಅದರ ಕಾಗುಣಿತ ಸರಿಯೇ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಯಿತು.